ಬೆಚ್ಚಗಿನ ಸೀಸೆ

"ಬೇಗ ಕೊಡೋ ಅಣ್ಣಾ, ಯಾರಾದ್ರೂ ಬಂದಾರು."

ರೊಸಾಲ್ ಮೀನಿನ ತೊಟ್ಟಿಗಳ ಸಾಲಿಗೆ ಬೆನ್ನು ಕೊಟ್ಟು ಕಾವಲು ನಿಂತಿದ್ದಳು. ತೊಟ್ಟಿಗಳ ಹಿಂದಿನಿಂದ ಅವಳ ದೊಡ್ಡಮ್ಮನ ಮಗ ಆಲ್ಡ್ರಿನ್ ನಕ್ಕ. "ಇದೇನು ನಲ್ಲಿನಾ, ತಿರುಗಿಸಿದ ಕೂಡ್ಲೇ ಬರೋಕೆ? ಆ ಕಡೆ ನೋಡು ನೀನು."

ಕೆಮ್ಮಿನ ಔಷಧಿಯ ಪುಟ್ಟ ಸೀಸೆ ಕೈಗೆ ಬಂತು. ಬೆಚ್ಚಗಿತ್ತು.

"ಗಂಡಸಿಂದು ಅಂತ ಗೊತ್ತಾಗಲ್ವಾ?"

"ಆ ಕಾಗದದ ಪಟ್ಟಿಗೆ ಅಷ್ಟೆಲ್ಲ ಬುದ್ಧಿ ಇಲ್ಲ ಕಣೇ. ಹೆದರ್ಬೇಡ, ನಂದು ಕೈಕೊಡಲ್ಲ."

ನವೊತಾಸ್ ಬಂದರಿನಲ್ಲಿ ಆಲ್ಡ್ರಿನ್‌ನಷ್ಟು ದುಡಿಯುವವರಿರಲಿಲ್ಲ. ಇಬ್ಬರು ಹೊರುವ ತೊಟ್ಟಿಯನ್ನು ಒಬ್ಬನೇ ಎತ್ತುತ್ತಿದ್ದ, ಮೂರು ಪಾಳಿ ಒಂದೇ ಸಮನೆ. ಅವನು ದಣಿದದ್ದನ್ನು ಕಂಡವರಿಲ್ಲ. ಕೂಲಿಯವರಿಗೆ ಕೊಡುವ ಅನ್ನದ ಪೊಟ್ಟಣವನ್ನು ಬಿಚ್ಚದೆಯೇ ತಂಗಿಗೆ ಕೊಡುತ್ತಿದ್ದ. "ನಂಗೆ ಹಸಿವಿಲ್ಲ."

ದೋಣಿಗಳು ಬಾರದೆ, ಪೊಟ್ಟಣವೂ ಸಿಗದೆ ಇವತ್ತಿಗೆ ಎರಡು ದಿನವಾಗಿತ್ತು.

ರೊಸಾಲ್‌ಗೆ ಹತ್ತೊಂಬತ್ತು. ಆಗಲೇ ಕೆನ್ನೆ ಬತ್ತಿತ್ತು, ಕಣ್ಣು ಗುಳಿಬಿದ್ದಿತ್ತು. ಬೀದಿಯ ಹೆಂಗಸರು ಅವಳನ್ನು ಕಂಡರೆ ಚೀಲವನ್ನು ಎದೆಗವಚಿಕೊಳ್ಳುತ್ತಿದ್ದರು. ಅವಳಿಗೆ ಬೇಸರವೂ ಆಗುತ್ತಿರಲಿಲ್ಲ. ಅಮ್ಮ ತೀರಿಕೊಂಡಾಗ ನಿಂತ ಅಳು ಮತ್ತೆ ಬಂದಿರಲಿಲ್ಲ.

ಬೇಕಾಗಿದ್ದದ್ದು ಒಂದೇ. ಇಗರ್ಜಿಯ ಹಿಂದಿನ ಹೆಣ್ಣುಮಕ್ಕಳ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಿತ್ತು. ಅದು ಸಿಗುವುದು, ಬಿಡುವುದು ಮೂತ್ರಪರೀಕ್ಷೆಯ ಮೇಲೆ. ಹೋದ ತಿಂಗಳು ತನ್ನದೇ ಕೊಟ್ಟು, ಬಾಗಿಲಲ್ಲೇ ತಿರುಗಿ ಬಂದಿದ್ದಳು. ಈ ಸಲವೂ ಹಾಗಾದರೆ ಮತ್ತೆ ತೊಟ್ಟಿಗಳ ಸಂದಿಯೇ ಗತಿ. ಅಲ್ಲಿ ಈಗೀಗ ಯಾರೋ ಬಂದು ಪಕ್ಕದಲ್ಲಿ ಮಲಗತೊಡಗಿದ್ದರು.

"ಹೋಗು," ಆಲ್ಡ್ರಿನ್ ಅವಳ ತಲೆ ಸವರಿದ. "ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಮಲಗ್ಲಿ."

ಸೀಸೆಯನ್ನು ಕಂಕುಳಲ್ಲಿಟ್ಟು ಕಾವು ಕಾಪಾಡಿಕೊಂಡೇ ನಡೆದಳು.

ಆ ಮನೆ ನೋಡಿಕೊಳ್ಳುವ ಕೊನ್ಸಿಂಗಮ್ಮನ ಕೈಯನ್ನು ಹಿಡಿದು ಹಣೆಗೊತ್ತಿಕೊಂಡಳು. ಮುದುಕಿ ಲೋಟ ಕೊಟ್ಟು ಬಚ್ಚಲಿನ ಬಾಗಿಲಿಗೆ ಬೆನ್ನು ಹಾಕಿ ನಿಂತರು. ಯಾವ ಹುಡುಗಿಗೂ ನಾಚಿಕೆಯಾಗಬಾರದೆಂದು ಅವರು ಯಾವಾಗಲೂ ಹಾಗೆಯೇ ನಿಲ್ಲುವುದು. ಒಳಗಿನಿಂದ ಶುಂಠಿ ಹಾಕಿದ ಗಂಜಿಯ ವಾಸನೆ ಬರುತ್ತಿತ್ತು.

ರೊಸಾಲ್ ಸೀಸೆಯಲ್ಲಿದ್ದದ್ದನ್ನು ಲೋಟಕ್ಕೆ ಸುರಿದು ತಂದುಕೊಟ್ಟಳು. ಮುದುಕಿ ಪಟ್ಟಿಯನ್ನು ಅದ್ದಿ ಬೆಳಕಿಗೆ ಹಿಡಿದರು.

"ಎಷ್ಟು ದಿನದಿಂದ ಮಗಳೇ?"

ರೊಸಾಲ್ ನೆಲ ನೋಡಿದಳು. "ಅಮ್ಮ ಹೋದಾಗಿಂದ."

"ಸುಳ್ಳು ಹೇಳ್ಬೇಡ. ಹೋದ ತಿಂಗಳು ನಿನ್ನ ಮೈಯಲ್ಲಿ ಆ ಹಾಳು ಅಮಲು ಶಾಬುವಿನ ಒಂದು ಹರಳೂ ಇರಲಿಲ್ಲ. ಚಟ ಹತ್ತಿದವರಿಗೆ ಮಾತ್ರ ಇಲ್ಲಿ ಜಾಗ ಅಂತ ನಾನೇ ವಾಪಸ್ ಕಳಿಸಿದ್ದೆ." ಕೊನ್ಸಿಂಗಮ್ಮ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. "ಅವತ್ತೇ ಒಳಗೆ ಕರ್ಕೊಂಡಿದ್ರೆ ನೀನು ಹೀಗಾಗ್ತಿರಲಿಲ್ಲ. ಬಾ, ಹಾಸಿಗೆ ನಿಂದೇ. ಊಟ ಆಯ್ತಾ?"

"ಇಲ್ಲ," ಎಂದಳು ರೊಸಾಲ್. ಆ ಮನೆಯಲ್ಲಿ ಅವಳಾಡಿದ ಮೊದಲ ನಿಜ ಅದು.