ಎರಡನೇ ಸಾಲಿನ ಪರದೆ

ಅಕ್ಕನ ಕಣ್ಣಿಗೆ ಇದು ಬೀಳುತ್ತದೆಯೋ, ಇಲ್ಲವೋ? ಬಿದ್ದರೂ ಚಾಕು ಎಂದು ಗೊತ್ತಾಗುತ್ತದೆಯೋ? ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತು ಅವನು ಇದನ್ನೇ ಮತ್ತೆ ಮತ್ತೆ ಕೇಳಿಕೊಂಡ. ಕೇಳಿಕೊಂಡಷ್ಟೂ ಆ ಪ್ರಶ್ನೆ ಬೇರೆ ಯಾರದೋ ಅನಿಸತೊಡಗಿತು.

ಚಾಕು ಅಂಗೈಯಷ್ಟು ಉದ್ದ. ಚಕ್ರದ ಬ್ಯಾಗಿನ ಹಿಡಿಯ ಕಂಬಿಗೆ ಒಳಗಿನಿಂದ ಅಂಟಿಸಿತ್ತು. ಅವಸರದಲ್ಲಿ ನೋಡಿದರೆ ಅದೂ ಒಂದು ಕಂಬಿಯೇ. ಬೆಳಿಗ್ಗೆ ಅದನ್ನು ಅಂಟಿಸಿಕೊಟ್ಟ ಬೋಳುತಲೆಯವನು ಹೆಚ್ಚು ಮಾತಾಡಿರಲಿಲ್ಲ. "ಎರಡನೇ ಸಾಲಲ್ಲೇ ಹೋಗು. ಸಿಕ್ಕಿಬೀಳೋವರೆಗೂ ಬಾಯಿ ಬಿಡಬೇಡ." ಆಮೇಲೆ ನೆನಪಾದವನಂತೆ, "ಅಲ್ಲಿ ನಿನಗೆ ಬೇಕಾದವರು ಯಾರೂ ಇಲ್ಲ ತಾನೇ?"

"ಇಲ್ಲ" ಎಂದಿದ್ದ. ಅಕ್ಕ ಆ ವಾರ ರಜೆಯಲ್ಲಿದ್ದಳು.

ಈಗ ನೋಡಿದರೆ ಎರಡನೇ ಸಾಲಿನ ಪರದೆಯ ಮುಂದೆ ಕೂತಿದ್ದವಳು ಅಕ್ಕನೇ. ರಜೆ ಮುಗಿಯುವ ಮೊದಲೇ ಕರೆಸಿರಬೇಕು. ಕುತ್ತಿಗೆ ಮುಂದೆ ಚಾಚಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. ಮೊದಲು ಹೀಗೆ ಕೂರುತ್ತಿರಲಿಲ್ಲ.

ಹೋದ ತಿಂಗಳು ಫೋನಿನಲ್ಲಿ ಹೇಳಿದ್ದಳು: "ಈ ವರ್ಷ ಎರಡು ಸಲ ಕಣ್ತಪ್ಪಿ ಬಿಟ್ಟುಬಿಟ್ಟೆ ಕಣೋ. ಮೇಲಿನವರಿಗೆ ಗೊತ್ತಾಯ್ತು. ಮೂರನೇದಾದ್ರೆ ಗಂಟುಮೂಟೆ ಕಟ್ಟೋದೇ." ಹೇಳಿ ತಾನೇ ನಕ್ಕಿದ್ದಳು. "ನಿನ್ನದೇ ವಾಸಿ. ಊರೂರು ಸುತ್ತಿ ಅದೇನು ಮಾರ್ತೀಯೋ. ಆ ಮುಖ ನೋಡಿ ಸೋಪು ಕೊಳ್ಳೋರೂ ಇದ್ದಾರಲ್ಲ!"

ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ. ಅಕ್ಕ ಆ ಕುರ್ಚಿಯಲ್ಲಿ ಕೂತದ್ದರಿಂದ ಅವನು ಓದಿದ. ಭಾವ ಹಾಸಿಗೆ ಹಿಡಿದು ಮೂರು ವರ್ಷ. ಈಗಲೂ ಆ ಮನೆಯ ಒಲೆ ಉರಿಯುವುದು ಆ ಕುರ್ಚಿಯಿಂದಲೇ.

ಸಾಲು ಬಿಟ್ಟು ಹಿಂದೆ ಹೋಗುವಂತಿರಲಿಲ್ಲ. ಹಾಗೆ ಹೋದವರ ಬೆನ್ನಿಗೆ ಕಾವಲುಗಾರ ಬೀಳುತ್ತಾನೆ. ಆದರೆ ಪರದೆಯ ಮುಂದೆ ಯಾರನ್ನೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸುವುದಿಲ್ಲ, ಕಣ್ಣು ಸೋಲುತ್ತದೆ. ಅಕ್ಕ ಕೂತು ಎಷ್ಟು ಹೊತ್ತಾಗಿತ್ತೋ. ಅವನು ಪಕ್ಕಕ್ಕೆ ಸರಿದು ಹಿಂದಿದ್ದವರನ್ನು ಮುಂದೆ ಬಿಟ್ಟ. ಒಬ್ಬ. ಇನ್ನೊಬ್ಬ. ಒಂದು ಇಡೀ ಸಂಸಾರ.

"ಬೆಲ್ಟ್ ತೆಗೀರಿ" ಎಂದ ಕಾವಲುಗಾರ, ಮುಂದಿದ್ದ ದಪ್ಪನೆಯ ಮನುಷ್ಯನಿಗೆ.

"ತೆಗೆದ್ರೆ ಪ್ಯಾಂಟು ನಿಲ್ಲಲ್ಲ ಸ್ವಾಮಿ."

"ಕೈಯಲ್ಲಿ ಹಿಡ್ಕೊಂಡು ಬನ್ನಿ. ನಾವೇನೂ ನೋಡಲ್ಲ."

ಯಾರೋ ನಕ್ಕರು. ಆ ಮನುಷ್ಯ ಎರಡೂ ಕೈಯಲ್ಲಿ ಸೊಂಟ ಹಿಡಿದು, ಸಾಕ್ಸಿನ ಕಾಲಲ್ಲಿ ಲೋಹ ಪತ್ತೆಯ ಚೌಕಟ್ಟು ದಾಟಿದ. ಆಚೆ ಹೋದ ಮೇಲೆ ಅವನ ಮುಖದಲ್ಲಿ ನಗುವಿರಲಿಲ್ಲ.

"ರೀ, ನಿಮಗೆ ವಿಮಾನ ಹತ್ತೋ ಮನಸ್ಸಿದೆಯಾ, ಇಲ್ಲ ಸಾಲಲ್ಲಿ ನಿಲ್ಲೋದೇ ಇಷ್ಟಾನಾ?" ಹಿಂದಿನ ಹೆಂಗಸು ಕೇಳಿದಳು.

"ನೀವು ಹೋಗಿ ಅಮ್ಮಾ."

ಕಾವಲುಗಾರ ತಿರುಗಿ ನೋಡಿದ. "ಏನ್ ಸಾರ್, ಬಂದವರನ್ನೆಲ್ಲ ಒಳಗೆ ಕರೆಯೋಕೆ ಇದು ನಿಮ್ಮನೆ ಬಾಗಿಲಾ? ಇಡಿ ಬ್ಯಾಗು."

ಇಟ್ಟ. ಚಲಿಸುವ ಪಟ್ಟಿಯ ಮೇಲೆ ಬ್ಯಾಗು ರಬ್ಬರಿನ ತೆರೆಗಳನ್ನು ಸರಿಸಿಕೊಂಡು ಎಕ್ಸ್‌ರೇ ಯಂತ್ರದೊಳಗೆ ಹೋಯಿತು. ಅವನು ಕೈ ಅಗಲಿಸಿ ನಿಂತ. ತಡಕುವವನ ಕೈಗಳು ಕಂಕುಳು, ಬೆನ್ನು, ಮೊಣಕಾಲು ಎಂದು ಇಳಿದವು. ಯಾರದೋ ಮೈ ಎಂಬಂತೆ ಅವನು ಅದನ್ನು ನೋಡುತ್ತಿದ್ದ.

ಪಟ್ಟಿ ನಿಂತಿತು.

ಒಂದು ಗೇಣು ಹಿಂದೆ ಬಂತು. ಮತ್ತೆ ಮುಂದೆ. ಮತ್ತೆ ನಿಂತಿತು. ಬೆಳಗಿನಿಂದ ಏನೂ ಅನಿಸದಿದ್ದ ಎದೆಯೊಳಗೆ ಸಣ್ಣದೊಂದು ಏನೋ ಅಲುಗಿತು. ಕಂಡಿತು, ಎಂದುಕೊಂಡ.

ಅಕ್ಕ ತಲೆಯೆತ್ತಿದಳು. ಬ್ಯಾಗು ಯಾರದೆಂದು ಹುಡುಕುತ್ತಿದ್ದ ಕಣ್ಣು ಅವನ ಮೇಲೆ ಬಂದು ನಿಂತಿತು. ಅವಳು ನಗಲಿಲ್ಲ; ಕರೆಯಲಿಲ್ಲ. ಕೈ ಮಾತ್ರ ಪಟ್ಟಿ ನಡೆಸುವ ಗುಂಡಿಯ ಮೇಲೇ ಇತ್ತು. ಎಷ್ಟು ಹೊತ್ತು ಎಂದು ಅವನಿಗೆ ಆಮೇಲೆ ನೆನಪಾಗಲಿಲ್ಲ.

ಪಟ್ಟಿ ಚಲಿಸಿತು. ಬ್ಯಾಗು ಹೊರಗೆ ಬಂತು. ಯಾರೂ ಅದನ್ನು ಮುಟ್ಟಲಿಲ್ಲ. ಅವನೇ ಅದನ್ನು ಎತ್ತಿಕೊಂಡ.

ಬೆಂಚಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಾಗ ಅಕ್ಕನ ಇಪ್ಪತ್ತು ನಿಮಿಷ ಮುಗಿದಿರಬೇಕು. ಬಂದು ಖಾಲಿ ಟ್ರೇಗಳನ್ನು ಒಂದರ ಮೇಲೊಂದು ಪೇರಿಸುವ ನೆಪದಲ್ಲಿ ಬಗ್ಗಿದಳು.

"ನಿನ್ನ ತಲೆ ನೆಟ್ಟಗಿದೆಯೇನೋ?" ತುಟಿ ಅಲುಗಿಸದೆ ಕೇಳಿದಳು. "ಯಾರು ಕೊಟ್ಟರು, ಯಾಕೆ ಅಂತ ನಾನು ಈಗ ಕೇಳಲ್ಲ. ಇಳಿದ ಕೂಡಲೇ ಎಸೆದುಬಿಡು. ನಾನೇನೂ ನೋಡಿಲ್ಲ."

"ಅಕ್ಕಾ..."

"ಹೋಗು. ತಿರುಗಿ ನೋಡಬೇಡ."

ಟ್ರೇಗಳನ್ನು ಹೊತ್ತು ಹೊರಟೇ ಹೋದಳು.

ಅವನು ವಿಮಾನ ಹತ್ತುವ ಬಾಗಿಲುಗಳನ್ನೆಲ್ಲ ದಾಟಿ ನಡೆದ. ಕೊನೆಯಲ್ಲಿ ಫಲಕವಿಲ್ಲದ ಒಂದು ಕೋಣೆ. ಬಾಗಿಲು ತಟ್ಟಿದ. ಬೋಳುತಲೆಯವನು ತೆರೆದು, ಬ್ಯಾಗನ್ನು ಮೇಜಿನ ಮೇಲೆ ಮಲಗಿಸಿ, ಚಾಕುವಿನ ಅಂಟು ಬಿಡಿಸಿದ.

"ಹಿಡೀಲಿಲ್ವಾ?"

"ಇಲ್ಲ."

"ಅನುಮಾನ ಬಂದ ಹಾಗೆ?"

ಕಣ್ಣು ತಪ್ಪಿದರೆ ಕೆಲಸ ಹೋಗುತ್ತದೆ. ಕಂಡೂ ಬಿಟ್ಟರೆ ಜೈಲು.

"ಇಲ್ಲ. ಕಾಣಿಸಲೇ ಇಲ್ಲ."

ಬೋಳುತಲೆಯವನು ಕುತ್ತಿಗೆಯಲ್ಲಿದ್ದ ನಿಲ್ದಾಣದ ಗುರುತಿನ ಚೀಟಿಯನ್ನು ಹಿಂದಕ್ಕೆ ಎಸೆದುಕೊಂಡು ವರದಿ ಹಾಳೆಯ ಮೇಲೆ ಬಗ್ಗಿದ. "ಹಾಗಾದ್ರೆ ಆಕೆಗೆ ಇದು ಮೂರನೇದು. ಪಾಪ. ನಾಳೆಯಿಂದ ಬರಬೇಡ ಅನ್ನಬೇಕು. ಹ್ಞೂ, ಪರೀಕ್ಷಕರ ಸಹಿ ಇಲ್ಲಿ ಹಾಕು."

ಹಾಕಿದ. ಕಳ್ಳನಂತೆ ಬಂದು ತಪಾಸಣೆಯವರನ್ನು ಪರೀಕ್ಷಿಸುವುದೇ ತನ್ನ ಕೆಲಸ ಎಂದು ಆರು ವರ್ಷಗಳಲ್ಲಿ ಒಂದು ದಿನವೂ ಅವನು ಅಕ್ಕನಿಗೆ ಹೇಳಿರಲಿಲ್ಲ.