ಎರಡು ಮೊಳ ಮಲ್ಲಿಗೆ

ಅತ್ತೆ ತಂದ ಎರಡು ಮೊಳ ಮಲ್ಲಿಗೆಯಲ್ಲಿ ಅರ್ಧವನ್ನು ಸೊಸೆ ದಾರದಿಂದ ಬಿಡಿಸಿ ನೀರಿನಲ್ಲಿ ನೆನೆಸಿಟ್ಟಳು.

"ಘಮ ಸಾಲದು ಕಣೆ, ಪೂರ್ತಿ ಹಾಕು" ಎಂದರು ಅತ್ತೆ.

ನಾದಿನಿಯ ಸೀಮಂತಕ್ಕಿರಬೇಕೆಂದು ಸೊಸೆ ಉಳಿದದ್ದನ್ನೂ ಹಾಕಿದಳು. ಹೂ ಸೋಸಿದ ನೀರಿಗೆ ಸಕ್ಕರೆ ಪಾಕ, ಜೆಲಾಟಿನ್ ಬೆರೆಸಿ, ತೋಳು ಸೋಲುವವರೆಗೆ ಕಡೆದಳು. ಬೆಳ್ಳಗೆ ಉಬ್ಬಿದ ಮಾರ್ಷ್‌ಮ್ಯಾಲೋ ಮಿಠಾಯಿ ಸಂಜೆಗೆ ಗಟ್ಟಿಯಾಯಿತು. ಕತ್ತರಿಸಿ ಡಬ್ಬಿಗೆ ತುಂಬಿದಳು.

"ತಗೊಂಡು ಹೊರಡಿ ಅತ್ತೆ. ಅಲ್ಲಿ ಎಲ್ಲರಿಗೂ ಹೂ ಕೊಡ್ತಾರೆ. ನಾನು ಬಂದ್ರೆ ಅವ್ರಿಗೂ ಮುಜುಗರ."

"ಇದು ಸೀಮಂತಕ್ಕಲ್ಲ, ನಿಂಗೆ."

ಅತ್ತೆ ಒಂದು ತುಂಡನ್ನು ಅವಳ ತುಟಿಯ ಹತ್ತಿರ ಹಿಡಿದರು.

"ನನ್ನ ಮಗ ಹೋದಾಗ ನಿನ್ನ ತಲೆಯಿಂದ ಹೂ ಕಿತ್ತವಳು ನಾನೇ. ಮತ್ತೆ ಮುಡಿಸೋ ಧೈರ್ಯ ನಂಗಿಲ್ಲ ಕಣೆ. ಬಾಯಲ್ಲಾದ್ರೂ ಇಟ್ಕೋ."