ಒಡೆಯದ ಹನ್ನೆರಡು ಗುಳಿಗೆ

ಅಮೃತಪ್ಪನ ಊಟದ ಚೀಲವನ್ನು ಗಾನವಿ ಮೇಜಿನ ಮೇಲೆ ಬೋರಲು ಹಾಕಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕನ್ನಡಕದ ಡಬ್ಬಿ. ಡಬ್ಬಿಯೊಳಗೆ ಬಿಳಿ ಗುಳಿಗೆಗಳು. ಎಣಿಸಿದಳು. ಒಂಬತ್ತು.

"ಉಳಿದ ಮೂರು ಎಲ್ಲಿ?"

"ಖರ್ಚಾದವ್ರಿ ಮೇಡಂ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಕಳ್ಳನನ್ನು ಅವಳು ಕಂಡಿರಲಿಲ್ಲ. ಮೈಯೆಲ್ಲ ಉರಿಯಿತು.

ಬಾಲಾನಗರದ ಆ ಔಷಧ ಪ್ರಯೋಗಾಲಯದಲ್ಲಿ ಅಮೃತಪ್ಪ ನಡೆಸುತ್ತಿದ್ದುದು ಒಂದು ಅಣಕು ಯಂತ್ರ. ಕಾರ್ಖಾನೆಯ ದೊಡ್ಡ ಯಂತ್ರ ಗುಳಿಗೆ ಒತ್ತುವ ರೀತಿಯನ್ನು ಚಮಚೆಯಷ್ಟು ಪುಡಿಯಲ್ಲೇ ಅಣಕಿಸಿ, ಗುಳಿಗೆ ನಿಲ್ಲುತ್ತದೋ ಒಡೆಯುತ್ತದೋ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ಬೆಳಿಗ್ಗೆ ಯಾವ ಪುಡಿಯ ಹೆಸರು ಕೊಟ್ಟರೋ, ಸಂಜೆಯವರೆಗೂ ಅದೇ ಹೆಸರಿನಲ್ಲಿ ಬರೆದುಕೊಳ್ಳುತ್ತಿತ್ತು. ಬೆಲೆ ಮಿಯಾಪುರದ ನಾಲ್ಕು ಫ್ಲ್ಯಾಟಿನಷ್ಟು, ಬುದ್ಧಿ ಅಷ್ಟಕ್ಕಷ್ಟೇ.

ಮೈಸೂರಿನ ಗಾನವಿ ಎಂಟು ತಿಂಗಳು ಅದಕ್ಕೆ ತನ್ನ ಸಕ್ಕರೆ ಕಾಯಿಲೆಯ ಪುಡಿ ತಿನ್ನಿಸಿದ್ದಳು. ಗುಳಿಗೆಗಳೆಲ್ಲ ಟೋಪಿ ತೆಗೆದಂತೆ ತಲೆ ಕಳಚುತ್ತಿದ್ದವು. ಸೋಮವಾರ ಮಾತ್ರ ಅಮೃತಪ್ಪನಿಗೆ ಪುಡಿ ಒಪ್ಪಿಸಿ, ಊಟ ಮುಗಿಸಿ ಬಂದರೆ, ಪರದೆಯ ಮೇಲೆ ಹನ್ನೆರಡು ಗುಳಿಗೆಯ ಗೆರೆ. ಒಂದೂ ಒಡೆದಿರಲಿಲ್ಲ. ನಿರ್ದೇಶಕ ಪದ್ಮನಾಭ ಆ ಗೆರೆಗೆ ಫ್ರೇಮು ಹಾಕಿಸಿ ಗೋಡೆಗೆ ಏರಿಸಿದರು. ಹಾರ ಒಂದು ಬಾಕಿ. ಇನ್ನೊಮ್ಮೆ ಒತ್ತಿ ನೋಡೋಣವೆಂದರೆ, ದೃಷ್ಟಿಯಾಗುತ್ತದೆ, ಬೇಡ ಎಂದರು. ನಾಳೆ ಹೊರದೇಶದ ಖರೀದಿದಾರರ ಎದುರು ಅದೇ ಪುಡಿ, ನಲವತ್ತು ಕಿಲೋ, ದೊಡ್ಡ ಯಂತ್ರಕ್ಕೆ. ಸಂಜೆಗೆ ಗಾನವಿ ವಿಭಾಗದ ಮುಖ್ಯಸ್ಥೆ.

ಗೆರೆಯೇನೋ ಇತ್ತು. ಗುಳಿಗೆಗಳೇ ಮಾಯವಾಗಿದ್ದವು.

"ಯಾವ ಕಂಪನಿಗೆ ಕೊಟ್ರಿ?"

"ಕಂಪನಿಗ್ಯಾಕ್ರಿ? ಮನಿಯಾಗ ಬಳಸಾಕತ್ತೀವಿ. ನಮ್ಮ ಮನಿಯಾಕಿ ಭಾಳ ಖುಷಿ ಆದ್ಲು."

ಗಾನವಿ ಒಂದು ಗುಳಿಗೆ ಎತ್ತಿ ಹಿಡಿದಳು. "ಪರೀಕ್ಷೆನೇ ಆಗಿಲ್ಲ ಅಮೃತಪ್ಪನವರೇ. ತಿಂದವರಿಗೆ ಏನಾದ್ರೂ ಆದ್ರೆ?"

"ತಿನ್ನೂದಲ್ರೀ ಇದು."

ಅಮೃತಪ್ಪ ಒಂದು ಗುಳಿಗೆಗೆ ನೀರು ಹನಿಸಿ ಅಂಗೈಯಲ್ಲಿ ತೇಯ್ದ. ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡ. ಬೆಳ್ಳನೆಯ ಮೂರು ಪಟ್ಟೆ ಎದ್ದವು.

"ವಿಭೂತಿ ರೀ. ಊರಿಂದ ತಂದ ಗಟ್ಟಿ ಬಸ್ಸಿನಾಗ ಪುಡಿಪುಡಿ ಆಗಿತ್ತು. ಒಗ್ಯಾಕ ಮನಸ್ಸು ಬರಲಿಲ್ಲ. ಹೆಂಗೂ ಮಿಷನ್ ಐತಲ್ಲ ಅಂತ ಒತ್ತಿಕೊಂಡೆ. ನಿಮ್ಮ ಪುಡಿಯ ಮುಚ್ಚಳಾನೂ ತಗದಿಲ್ರಿ."

ಗಾನವಿಗೆ ನಗು ತಡೆಯಲಾಗಲಿಲ್ಲ. ಸದ್ಯ, ಕಳ್ಳತನವಲ್ಲ. ನಾಚಿಕೆಯೂ ಆಯಿತು. ರೊಟ್ಟಿಯನ್ನು ತಾನೇ ಚೀಲಕ್ಕೆ ತುಂಬುತ್ತ, ಮಾತಿಗೆಂದು ಕೇಳಿದಳು: "ಯಾವಾಗ ಒತ್ತಿದ್ರಿ?"

"ಸೋಮವಾರ ನೀವು ಊಟಕ್ಕ ಹೋದಾಗರಿ. ಹನ್ನೆರಡು ಒತ್ತಿದೆ, ಒಂದೂ ಒಡೀಲಿಲ್ಲ."